ಒಂಬತ್ತನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ದುಬೈನಲ್ಲಿ ಸೀಟು: ಹಾಸನದ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ತೆ ಸಾರ್. ನಾವು ಹಾಸನದಲ್ಲಿ ಸಾಲಗಾಮೆ ರಸ್ತೆಯ ಹತ್ತಿರ ಇದ್ದೇವೆ. ನಮ್ಮ ಯಜಮಾನರಿಗೆ ದುಬೈನ ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ನವೆಂಬರ್‌ನಲ್ಲಿ ಸೇರಬೇಕು. ಆಫರ್ ಲೆಟರ್ ಬಂದಿದೆ, ಇನ್ನೂ ಸಹಿ ಹಾಕಿಲ್ಲ. ಮಗಳು ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, 9ನೇ ಕ್ಲಾಸು. ಮಗ 1ನೇ ಕ್ಲಾಸು. ಬೆಂಗಳೂರಿನ ಒಬ್ಬ ಏಜೆಂಟ್ ಇಬ್ಬರಿಗೂ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಸೀಟು ಬುಕ್ ಮಾಡಿಸ್ತೀನಿ, ಒಂದೂವರೆ ಲಕ್ಷ ಕೊಡಿ, ಈಗಲೇ ಟಿಸಿ ತೆಗೆದಿಟ್ಟುಕೊಳ್ಳಿ ಅಂತಿದ್ದಾರೆ. ನಮ್ಮ ನಾದಿನಿ ಈ ವರ್ಷ ಇಲ್ಲೇ ಮುಗಿಸಿ ಏಪ್ರಿಲ್‌ನಲ್ಲಿ 10ನೇ ಕ್ಲಾಸಿಗೆ ಅಲ್ಲಿ ಸೇರಿಸು ಅಂತಾರೆ. ಹಾಸನದ ಮಕ್ಕಳಿಗೆ ಅಲ್ಲಿಯ ಇಂಟರ್‌ವ್ಯೂ ದಾಟೋದು ಕಷ್ಟ ಅಂತಲೂ ಕೇಳಿದ್ದೇವೆ. ಮಗಳಿಗೆ ಇಂಜಿನಿಯರಿಂಗ್ ಓದುವ ಆಸೆ. ಅರಕಲಗೂಡಿನ ಅತ್ತೆ ಮನೆಯವರು ಮಕ್ಕಳನ್ನು ಬಿಟ್ಟು ಹೋಗಿ ಅಂತಾರೆ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಟಿಸಿ ತೆಗೆಯಬೇಡಿ. ಏಜೆಂಟ್‌ಗೆ ಹಣವನ್ನೂ ಕಟ್ಟಬೇಡಿ. ಈ ಎರಡು ಕೆಲಸ ಮಾಡದೇ ಇದ್ದರೆ ಉಳಿದದ್ದಕ್ಕೆಲ್ಲ ದಾರಿ ಇದೆ.

ನಾನು 14 ವರ್ಷ ದುಬೈನ ಶಾಲೆಗಳಲ್ಲಿ ಅಡ್ಮಿಷನ್ ವಿಭಾಗದಲ್ಲಿ ಕೆಲಸ ಮಾಡಿ, ಈಗ ಚಿಕ್ಕಮಗಳೂರಿನಲ್ಲಿ ಇದ್ದೇನೆ. ಆ ಮೇಜಿನ ಆಚೆ ಕಡೆ ಕೂತು ನೂರಾರು ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ ನಿಮ್ಮದೇ: "ಸೀಟು ಇದೆಯಾ ಸಾರ್?" ಆದರೆ ಸೀಟು ಎರಡನೇ ಪ್ರಶ್ನೆ. ಮಗು ಯಾವ ಕ್ಲಾಸಿಗೆ, ಯಾವ ಬೋರ್ಡಿನಿಂದ ಯಾವ ಬೋರ್ಡಿಗೆ, ಯಾವ ತಿಂಗಳಲ್ಲಿ ಬರುತ್ತಿದೆ ಅನ್ನೋದು ಮೊದಲನೆಯದು. ನಿಮ್ಮ ಮನೆಯಲ್ಲಿ ಈ ಲೆಕ್ಕ ಇಬ್ಬರು ಮಕ್ಕಳಿಗೂ ಬೇರೆ ಬೇರೆ ಬರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ. ಇಬ್ಬರಿಗೂ ಒಂದೇ ಪ್ಲಾನ್ ಹಾಕಲು ಹೋಗಿ ಎಲ್ಲರೂ ನಿಮ್ಮ ತಲೆ ಕೆಡಿಸಿದ್ದಾರೆ.

ಮಗನ ವಿಷಯ ಬೇಗ ಮುಗಿಸಿಬಿಡುತ್ತೇನೆ. 1ನೇ ಕ್ಲಾಸಿನ ಮಗುವಿಗೆ ಬೋರ್ಡು ಅನ್ನೋದೇ ದೊಡ್ಡ ವಿಷಯ ಅಲ್ಲ. ಈ ವರ್ಷ ಹೋದರೂ ಆಯಿತು, ಮುಂದಿನ ಏಪ್ರಿಲ್‌ನಲ್ಲಿ ಹೋದರೂ ಆಯಿತು, ಅದರಾಚೆ ವರ್ಷ ಹೋದರೂ ಆಯಿತು. ದುಬೈನಲ್ಲಿ ಭಾರತೀಯ ಸಿಲಬಸ್‌ನ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಬ್ರಿಟಿಷ್, ಅಮೆರಿಕನ್ ಸಿಲಬಸ್‌ನವು ಆಗಸ್ಟ್ ಕೊನೆಯಲ್ಲಿ. ಮಾರ್ಚ್–ಏಪ್ರಿಲ್‌ನಲ್ಲಿ ಮತ್ತು ಜೂನ್–ಜುಲೈನಲ್ಲಿ ಎಷ್ಟೋ ಕುಟುಂಬಗಳು ಕೆಲಸ ಬದಲಿಸಿ ಊರು ಬಿಡುತ್ತವೆ, ಆಗ ಸಣ್ಣ ಕ್ಲಾಸುಗಳಲ್ಲಿ ಸೀಟು ಖಾಲಿಯಾಗುತ್ತವೆ. ತುಂಬಾ ಪೈಪೋಟಿ ಇರುವುದು ಹೆಸರು ಮಾಡಿದ ಶಾಲೆಗಳ ಕೆಜಿ ಸೀಟಿಗೆ. ಅದನ್ನು ನಿಮ್ಮ ಮಗ ದಾಟಿಯಾಗಿದೆ.

ಈಗ ಮಗಳು.

ನಿಮ್ಮ ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಕೇಳುವವರಿಗೂ ಅದು ಸರಿ ಅನ್ನಿಸುತ್ತದೆ. 9 ಇಲ್ಲಿ ಮುಗಿಸಿ 10 ಅಲ್ಲಿ. ಆದರೆ ಎಲ್ಲಕ್ಕಿಂತ ಕೆಟ್ಟ ದಾರಿ ಅದೇ. ಸಿಬಿಎಸ್‌ಇಯಲ್ಲಿ 9 ಮತ್ತು 10 ಸೇರಿ ಎರಡು ವರ್ಷದ ಒಂದೇ ಕೋರ್ಸು. 9ನೇ ಕ್ಲಾಸಿನಲ್ಲೇ ಮಗುವಿನ ಹೆಸರು ಬೋರ್ಡಿನಲ್ಲಿ ನೋಂದಣಿ ಆಗಿರಬೇಕು. ಸಿಬಿಎಸ್‌ಇ ಶಾಲೆಯಲ್ಲಿ 9 ಓದಿದವರು ಮಾತ್ರ ಸಿಬಿಎಸ್‌ಇ 10ಕ್ಕೆ ಹೋಗಬಹುದು. ನಮ್ಮ ಸ್ಟೇಟ್ ಸಿಲಬಸ್‌ನಲ್ಲಿ 9 ಪಾಸಾಗಿ, ಶೇಕಡಾ 95 ತೆಗೆದಿದ್ದರೂ ನೇರವಾಗಿ 10ಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ಇದು ಶಾಲೆಯವರ ಜಂಬ ಅಲ್ಲ, ಬೋರ್ಡಿನ ನಿಯಮ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೇಲೂರು ಕಡೆಯ ಒಂದು ಕುಟುಂಬ ಏಪ್ರಿಲ್ ಮೊದಲ ವಾರ ನನ್ನ ಮೇಜಿನ ಮುಂದೆ ಬಂದು ಕೂತರು. ಹುಡುಗ 9 ಮುಗಿಸಿದ್ದ. ಟಿಸಿ, ಮಾರ್ಕ್ಸ್ ಕಾರ್ಡು, ಎಲ್ಲವನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡು ತಂದಿದ್ದರು. ಎಲ್ಲದಕ್ಕೂ ಮುದ್ರೆ ಬಿದ್ದಿತ್ತು, ಒಂದೂ ಕಾಗದ ಬಿಟ್ಟಿರಲಿಲ್ಲ. ನಾನು ಆ ತಾಯಿಗೆ "10ಕ್ಕೆ ಆಗಲ್ಲ, ಮತ್ತೆ 9ಕ್ಕೆ ಕೂರಬೇಕು" ಅಂತ ಹೇಳಬೇಕಾಯಿತು. ಕನ್ನಡದಲ್ಲೇ ಹೇಳಿದೆ. ಆ ಹುಡುಗ ಫೈಲಿನ ಗುಂಡಿಯನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದ, ಟಕ್ ಟಕ್ ಅಂತ. ತಲೆ ಎತ್ತಲಿಲ್ಲ. ಊರಿನ ಶಾಲೆಗೆ ವಾಪಸ್ ಹೋಗೋಣ ಅಂದರೆ ಅಪ್ಪ ಬಾಡಿಗೆ ಮನೆಗೆ ವರ್ಷದ ಚೆಕ್ ಕೊಟ್ಟಾಗಿತ್ತು. ಕೊನೆಗೆ ಹುಡುಗ 9ಕ್ಕೇ ಕೂತ. ಹೊರಡುವ ಮೊದಲು ಯಾರಾದರೂ ಒಬ್ಬರು ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಅದಕ್ಕೇ ನಿಮ್ಮ ಪತ್ರ ನೋಡಿದ ಕೂಡಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾದರೆ ಈಗಲೇ, ನವೆಂಬರ್‌ನಲ್ಲೇ, 9ನೇ ಕ್ಲಾಸಿನ ಮಧ್ಯದಲ್ಲಿ ಕರೆದುಕೊಂಡು ಹೋದರೆ? ಅಲ್ಲಿ ಆ ಹೊತ್ತಿಗೆ 9ನೇ ಕ್ಲಾಸು ಶುರುವಾಗಿ ಏಳು ತಿಂಗಳು ಆಗಿರುತ್ತದೆ. ಬೋರ್ಡಿನ ನೋಂದಣಿ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ನಡೆಯುತ್ತದೆ, ಅದು ತಪ್ಪಿಹೋದರೆ ಶಾಲೆಯವರು ಕೈ ಎತ್ತುತ್ತಾರೆ. ಜೊತೆಗೆ ಭಾಷೆಯ ತೊಡಕು. ನಿಮ್ಮ ಮಗಳಿಗೆ ಬಹುಶಃ ಕನ್ನಡ ಪ್ರಥಮ ಭಾಷೆ, ಹಿಂದಿ ತೃತೀಯ. ಸಿಬಿಎಸ್‌ಇಯಲ್ಲಿ ಕನ್ನಡ ಒಂದು ವಿಷಯವಾಗಿ ಇದೆ ನಿಜ, ಆದರೆ ಅದನ್ನು ಕಲಿಸುವ ಟೀಚರ್ ಅಲ್ಲಿಯ ಶಾಲೆಗಳಲ್ಲಿ ಸಿಗುವುದು ಅಪರೂಪ. ಹಿಂದಿ, ಮಲಯಾಳಂ, ಫ್ರೆಂಚ್, ಇಷ್ಟರಲ್ಲೇ ಆರಿಸಿಕೊಳ್ಳಬೇಕಾಗುತ್ತದೆ. ತೃತೀಯ ಭಾಷೆಯಾಗಿ ಓದಿದ ಹಿಂದಿಯನ್ನು ದ್ವಿತೀಯ ಭಾಷೆಯ ಮಟ್ಟದಲ್ಲಿ ಬರೆಯುವುದು, ಅದೂ ಬೋರ್ಡ್ ಪರೀಕ್ಷೆಗೆ ಒಂದೂಕಾಲು ವರ್ಷ ಇರುವಾಗ, ಸುಲಭ ಅಲ್ಲ. ಇದರ ಮೇಲೆ ಯುಎಇಯ ಖಾಸಗಿ ಶಾಲೆಗಳಲ್ಲಿ 9ನೇ ಕ್ಲಾಸಿನವರೆಗೂ ಅರೇಬಿಕ್ ಕಡ್ಡಾಯ. ಹೊಸದಾಗಿ ಬಂದ ಮಕ್ಕಳಿಗೆ ಅದರಲ್ಲಿ ಅ ಆ ಇ ಈ ಇಂದಲೇ ಶುರು ಮಾಡಿಸುತ್ತಾರೆ, ಅದಕ್ಕೇನೂ ಹೆದರಬೇಕಿಲ್ಲ, ಆದರೂ ವಾರದಲ್ಲಿ ಅಷ್ಟು ಪೀರಿಯಡ್ ಹೋಯಿತು ಅಂತಲೇ ಲೆಕ್ಕ.

ಬ್ರಿಟಿಷ್ ಸಿಲಬಸ್ ಇನ್ನೊಂದು ದಾರಿ. ನಮ್ಮ 9ನೇ ಕ್ಲಾಸು ಅಲ್ಲಿಯ ಇಯರ್ 10ಕ್ಕೆ ಸಮ. ಅಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರದ ಐಜಿಸಿಎಸ್‌ಇ ಕೋರ್ಸು ಇಯರ್ 10 ಮತ್ತು 11 ಸೇರಿ ಎರಡು ವರ್ಷ, ಅದು ಶುರುವಾಗುವುದು ಆಗಸ್ಟ್ ಕೊನೆಗೆ. ಅಂದರೆ ನವೆಂಬರ್‌ನಲ್ಲಿ ಹೋದರೆ ಎರಡು ತಿಂಗಳ ಪಾಠ ಮಾತ್ರ ತಪ್ಪಿರುತ್ತದೆ. ತಿಂಗಳ ಲೆಕ್ಕದಲ್ಲಿ ನೋಡಿದರೆ ಇದು ಸಿಬಿಎಸ್‌ಇಗಿಂತ ಹತ್ತಿರ. ಆದರೆ ಫೀಸು ಭಾರತೀಯ ಸಿಲಬಸ್ ಶಾಲೆಗಳ ಹಲವು ಪಟ್ಟು ಆಗುತ್ತದೆ. ಬಸ್ಸು, ಪುಸ್ತಕ, ಪರೀಕ್ಷಾ ಶುಲ್ಕ ಬೇರೆ. ಒಮ್ಮೆ ಆ ದಾರಿ ಹಿಡಿದರೆ ಮುಂದೆ ಪಿಯುಸಿ ಥರದ ಎ ಲೆವೆಲ್ ಎರಡು ವರ್ಷವೂ ಹೆಚ್ಚು ಕಡಿಮೆ ಅದರಲ್ಲೇ. ಮಧ್ಯದಲ್ಲಿ ಯಜಮಾನರ ಕೆಲಸಕ್ಕೆ ಏನಾದರೂ ಆಗಿ ಇಯರ್ 10ರ ಕೊನೆಗೆ ಹಾಸನಕ್ಕೆ ಬರಬೇಕಾಯಿತು ಅಂದುಕೊಳ್ಳಿ. ಆಗ ಮಗಳು ಇಲ್ಲಿ ಯಾವ ಕ್ಲಾಸಿಗೂ ನೇರವಾಗಿ ಹೊಂದುವುದಿಲ್ಲ. ಈ ಒಂದು ಕಾರಣಕ್ಕೆ, ಕಂಪನಿ ಪೂರ್ತಿ ಫೀಸು ಕಟ್ಟದ ಹೊರತು, ನಾನು ಇದನ್ನು ಹೊಸದಾಗಿ ಗಲ್ಫ್‌ಗೆ ಹೋಗುವ ಮಧ್ಯಮ ವರ್ಗದ ಮನೆಯವರಿಗೆ ಹೇಳುವುದಿಲ್ಲ.

ಮಗಳನ್ನು ಈಗಲೇ ಹಾಸನದಲ್ಲೇ ಒಂದು ಸಿಬಿಎಸ್‌ಇ ಶಾಲೆಗೆ 9ಕ್ಕೆ ಬದಲಿಸಿ, ಏಪ್ರಿಲ್‌ನಲ್ಲಿ ಅಲ್ಲಿಂದ ದುಬೈಗೆ 10ಕ್ಕೆ ವರ್ಗ ಮಾಡಿಸಿ ಅಂತಲೂ ಕೆಲವರು ಹೇಳುತ್ತಾರೆ. ಪೋಷಕರ ಕೆಲಸ ಬೇರೆ ಊರಿಗೆ ಬದಲಾದರೆ ಬೋರ್ಡಿನ ಅನುಮತಿ ಪಡೆದು 10ನೇ ಕ್ಲಾಸಿನಲ್ಲಿ ಶಾಲೆ ಬದಲಿಸಲು ಅವಕಾಶ ಇದೆ. ಆದರೆ ಇದರಲ್ಲಿ ಎರಡು ಶಾಲೆಗಳು ಮತ್ತು ಬೋರ್ಡು, ಮೂವರೂ ಹೂಂ ಅನ್ನಬೇಕು. ಮಗು ಆರು ತಿಂಗಳಲ್ಲಿ ಎರಡು ಸಲ ಶಾಲೆ ಬದಲಿಸಬೇಕು. ನನಗೆ ಇದು ಮನಸ್ಸಿಗೆ ಬರುವುದಿಲ್ಲ.

ಉಳಿಯುವುದು ಒಂದು ದಾರಿ. ಮಗಳು ಇಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿ, ದುಬೈನಲ್ಲಿ 11ನೇ ಕ್ಲಾಸಿಗೆ ಸೇರುವುದು. ಬೇರೆ ಬೋರ್ಡಿನಿಂದ 10 ಪಾಸಾದವರು ಸಿಬಿಎಸ್‌ಇ 11ಕ್ಕೆ ಸೇರಬಹುದು, ಅದಕ್ಕೆ ಅಡ್ಡಿ ಇಲ್ಲ. 11 ಮತ್ತು 12 ಮತ್ತೆ ಎರಡು ವರ್ಷದ ಜೋಡಿ, ಹಾಗಾಗಿ 11ರ ಶುರುವಿಗೇ ಹೋಗಬೇಕು, ಮಧ್ಯದಲ್ಲಿ ಅಲ್ಲ. ಅಲ್ಲಿ ತರಗತಿ ಏಪ್ರಿಲ್‌ಗೆ ಶುರುವಾಗುತ್ತವೆ, ನಮ್ಮ ಫಲಿತಾಂಶ ಬರುವುದು ಸ್ವಲ್ಪ ತಡ. ಅದಕ್ಕೆ 9ನೇ ಕ್ಲಾಸಿನ ಅಂಕ ಮತ್ತು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿ ತಾತ್ಕಾಲಿಕವಾಗಿ ಸೇರಿಸಿಕೊಳ್ಳಿ ಅಂತ ಶಾಲೆಯನ್ನು ಕೇಳಬೇಕು. ಇದನ್ನು ಹಿಂದಿನ ನವೆಂಬರ್–ಡಿಸೆಂಬರ್‌ನಲ್ಲೇ ಇಮೇಲ್ ಬರೆದು ಕೇಳಿಡಿ. ಸೈನ್ಸ್ ಸೆಕ್ಷನ್ ತುಂಬುವುದು ಬೇಗ, ಅದೇ ಶಾಲೆಯಲ್ಲಿ 10 ಓದಿದ ಮಕ್ಕಳಿಗೇ ಮೊದಲ ಆದ್ಯತೆ ಕೊಡುತ್ತಾರೆ. ಒಂದೇ ಶಾಲೆ ನಂಬಬೇಡಿ, ಮೂರು ನಾಲ್ಕಕ್ಕೆ ಹಾಕಿ.

ಈ ದಾರಿಯಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಇದನ್ನು ನಮ್ಮ ಕಡೆಯವರು ಗಮನಿಸುವುದೇ ಇಲ್ಲ, ಗೊತ್ತಾಗುವ ಹೊತ್ತಿಗೆ ಮಗು 12 ಮುಗಿಸಿರುತ್ತದೆ. ಮಗಳಿಗೆ ಇಂಜಿನಿಯರಿಂಗ್ ಆಸೆ ಅಂದಿರಲ್ಲ, ಸಿಇಟಿ ನಿಯಮ ನೋಡಿ. ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಅರ್ಹತೆ ಬೇಕಾದರೆ ಮುಖ್ಯ ನಿಯಮದ ಪ್ರಕಾರ 1ರಿಂದ 12ನೇ ಕ್ಲಾಸಿನ ಒಳಗೆ ಕಡಿಮೆ ಅಂದರೂ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅಷ್ಟೇ ಸಾಲದು. 10 ಅಥವಾ 12, ಈ ಎರಡರಲ್ಲಿ ಒಂದು ಪರೀಕ್ಷೆಯನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು. ಸೈನಿಕರ ಮಕ್ಕಳು, ಕೇಂದ್ರ ಸರ್ಕಾರಿ ನೌಕರರ ಮಕ್ಕಳು, ಗಡಿನಾಡ ಕನ್ನಡಿಗರು, ಇಂಥವರಿಗೆ ಬೇರೆ ಕಲಂಗಳಿವೆ, ಖಾಸಗಿ ಕೆಲಸಕ್ಕೆ ದುಬೈಗೆ ಹೋಗುವ ನಿಮಗೆ ಮುಖ್ಯ ನಿಯಮವೇ ಗತಿ.

ಈಗ ಲೆಕ್ಕ ಹಾಕಿ. ಮಗಳು ಈಗ ಹೋಗಿ 10, 12 ಎರಡನ್ನೂ ಅಲ್ಲೇ ಬರೆದರೆ, ಹಾಸನದಲ್ಲಿ ಎಂಟು ವರ್ಷ ಓದಿದ್ದರೂ ಈ ಕಲಂ ಕೆಳಗೆ ಅರ್ಹತೆ ಹೋಯಿತು. ಎಸ್ಸೆಸ್ಸೆಲ್ಸಿ ಇಲ್ಲಿ ಬರೆದು 12 ಅಲ್ಲಿ ಬರೆದರೆ ಅರ್ಹತೆ ಉಳಿಯಿತು. ಅವಳು 12 ಆದ ಮೇಲೆ ಬಂದು ಸಿಇಟಿ ಬರೆದು, ಹಾಸನದ್ದೇ ಕಾಲೇಜಿಗೆ ಸರ್ಕಾರಿ ಕೋಟಾದಲ್ಲಿ ಸೇರಬಹುದು. ಇಲ್ಲದಿದ್ದರೆ ಮ್ಯಾನೇಜ್‌ಮೆಂಟ್ ಅಥವಾ ಎನ್‌ಆರ್‌ಐ ಸೀಟಿಗೆ ಕೈ ಹಾಕಬೇಕು. ಆ ಎರಡರ ನಡುವಿನ ಹಣದ ವ್ಯತ್ಯಾಸ ಎಷ್ಟು ಅಂತ ನಿಮ್ಮ ಬೀದಿಯ ಯಾವ ಇಂಜಿನಿಯರಿಂಗ್ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಜೆಇಇ ಬರೆದು ಐಐಟಿ, ಎನ್‌ಐಟಿಗೆ ಹೋಗುವುದಾದರೆ ಈ ಸಿಇಟಿ ನಿಯಮ ಅಡ್ಡ ಬರುವುದಿಲ್ಲ. ಆದರೆ ಮನೆಯವರು ಅದೊಂದನ್ನೇ ನಂಬಿ ಕೂರಬಾರದು, ಅಲ್ವಾ?

ಹೊರಡುವ ಮುಂಚೆ 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣ ಪತ್ರವನ್ನು ಶಾಲೆಯಿಂದ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ ಇಟ್ಟುಕೊಂಡಿರಿ. ಎರಡು ವರ್ಷ ಬಿಟ್ಟು ಜೂನ್ ತಿಂಗಳ ಗಡಿಬಿಡಿಯಲ್ಲಿ ದುಬೈನಿಂದ ಫೋನ್ ಮಾಡಿ ಇದನ್ನು ತರಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಇದಕ್ಕೂ ಒಂದು ಬೆಲೆ ಇದೆ, ಮುಚ್ಚಿಡುವುದಿಲ್ಲ. ಯಜಮಾನರು ನವೆಂಬರ್‌ನಲ್ಲಿ ಹೋದರೆ ನೀವೆಲ್ಲ ಒಟ್ಟಾಗುವುದು ಸುಮಾರು ಒಂದೂವರೆ ವರ್ಷದ ನಂತರ. ಮಗನಿಗೆ ಅಪ್ಪ ಬೇಕಾದ ವಯಸ್ಸು. ನೀವು ಮಗನನ್ನು ಕರೆದುಕೊಂಡು ಮೊದಲೇ ಹೋಗಿ, ಮಗಳನ್ನು ಅಜ್ಜಿ ಮನೆಯಲ್ಲಿ ಬಿಡುವುದೂ ಆಗುತ್ತದೆ. ಆದರೆ ಅರಕಲಗೂಡಿನಿಂದ ಹಾಸನದ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು 10ನೇ ಕ್ಲಾಸು ಓದುವುದು, ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುವುದು, ಅಮ್ಮ ಬೇರೆ ದೇಶದಲ್ಲಿ, ಇದೆಲ್ಲ ಒಂದು ಹೆಣ್ಣು ಮಗುವಿಗೆ ಜಾಸ್ತಿ ಆಗುತ್ತದೆ. ಅಂಥ ಮಕ್ಕಳನ್ನು 11ಕ್ಕೆ ಸೇರಿಸಿಕೊಂಡಿದ್ದೇನೆ. ಮಾರ್ಕ್ಸ್ ಚೆನ್ನಾಗಿಯೇ ಇರುತ್ತಿತ್ತು. ಅಮ್ಮನ ಪಕ್ಕದ ಕುರ್ಚಿ ಖಾಲಿ ಇದ್ದರೂ ಬೇರೆ ಕುರ್ಚಿಯಲ್ಲಿ ಕೂರುತ್ತಿದ್ದರು. ನನ್ನನ್ನು ಕೇಳಿದರೆ ನೀವು ಮೂವರೂ ಇಲ್ಲೇ ಇರಿ. ಯುಎಇಗೆ ದಸರಾ, ಬೇಸಿಗೆ ರಜೆಯಲ್ಲಿ ಹೋಗಿ ಬನ್ನಿ. ಮಗಳಿಗೂ ಊರು ಪರಿಚಯ ಆಗುತ್ತದೆ, ಶಾಲೆಗಳನ್ನು ಕಣ್ಣಾರೆ ನೋಡಬಹುದು. ಆದರೆ ನಿಮ್ಮ ಮನೆಯ ವಿಷಯ ನಿಮಗೇ ಗೊತ್ತು. ಒಂದೂವರೆ ವರ್ಷ ದೂರ ಇರಲು ಆಗುವುದೇ ಇಲ್ಲ ಅಂದರೆ ಎರಡನೇ ದಾರಿ: ಏಪ್ರಿಲ್‌ನಲ್ಲಿ ಎಲ್ಲರೂ ಹೋಗಿ, ಮಗಳನ್ನು ಸಿಬಿಎಸ್‌ಇ 9ಕ್ಕೆ ಮತ್ತೆ ಕೂರಿಸುವುದು. ಒಂದು ವರ್ಷ ಹೋಗುತ್ತದೆ. ಮಗು ವಯಸ್ಸಿಗೆ ಚಿಕ್ಕವಳಾಗಿದ್ದರೆ, ಅವಳೇ ಮನಸಾರೆ ಒಪ್ಪಿದರೆ ಅದೇನು ಪ್ರಳಯ ಅಲ್ಲ. ಆಗ ಸಿಇಟಿ ಅರ್ಹತೆ ಬೇಕಿದ್ದರೆ 10 ಆದ ಮೇಲೆ ಹಾಸನಕ್ಕೆ ಬಂದು ಪಿಯುಸಿ ಓದಬೇಕು. ಅವಳನ್ನು ಕೂರಿಸಿಕೊಂಡು ಎರಡನ್ನೂ ಬಿಡಿಸಿ ಹೇಳಿ. ಅವಳಿಗೆ ಹೇಳದೆ ನಿರ್ಧಾರ ಮಾಡಬೇಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಗು 8ನೇ ಕ್ಲಾಸಿನ ಒಳಗೆ ಇದ್ದರೆ ಈ ತಲೆನೋವು ಯಾವುದೂ ಇಲ್ಲ. 8 ಮುಗಿಸಿ ಏಪ್ರಿಲ್‌ನಲ್ಲಿ 9ಕ್ಕೆ ಸೇರುವುದು ಎಲ್ಲಕ್ಕಿಂತ ಸಲೀಸು.

ಈಗ ಏಜೆಂಟ್ ವಿಷಯ. ಶಾಲೆಗಳು ಸೀಟನ್ನು ಏಜೆಂಟ್ ಕೈಗೆ ಕೊಟ್ಟಿರುವುದಿಲ್ಲ. ಅರ್ಜಿ ಹಾಕುವುದು ಶಾಲೆಯ ವೆಬ್‌ಸೈಟಿನಲ್ಲೇ, ನೀವೇ ಹಾಕಬಹುದು. ದುಬೈನಲ್ಲಿ ಅರ್ಜಿ ಶುಲ್ಕ ಅಂದರೆ ಹೆಚ್ಚೆಂದರೆ 500 ದಿರ್ಹಂ ಆಸುಪಾಸು. ಸೀಟು ಒಪ್ಪಿದ ಮೇಲೆ ಕಟ್ಟುವ ನೋಂದಣಿ ಹಣ ಮುಂದೆ ಫೀಸಿನಲ್ಲಿ ಕಳೆಯುತ್ತದೆ. ಅಲ್ಲಿಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ. ಪ್ರತಿ ಶಾಲೆಯ ಯಾವ ಕ್ಲಾಸಿಗೆ ಎಷ್ಟು ಫೀಸು, ಬಸ್ಸಿಗೆ ಎಷ್ಟು ಅಂತ ಒಂದು ಹಾಳೆ ಅವರ ತಾಣದಲ್ಲೇ ಇರುತ್ತದೆ. ಶಾಲೆಗಳಿಗೆ ತಪಾಸಣೆ ಮಾಡಿ ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಅಕ್ಸೆಪ್ಟಬಲ್ ಹೀಗೆ ದರ್ಜೆಯನ್ನೂ ಕೊಟ್ಟಿದ್ದಾರೆ. "ಗುಡ್" ಅಂತ ಇದ್ದರೆ ಸಾಕು, ಅದರಲ್ಲಿ ಮನೆಗೆ ಹತ್ತಿರ ಯಾವುದು ಅಂತ ನೋಡಿ. ಬೆಳಿಗ್ಗೆ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂರುವ ಮಗುವಿಗೆ ಔಟ್‌ಸ್ಟ್ಯಾಂಡಿಂಗ್ ಶಾಲೆಯೂ ಸುಸ್ತೇ.

"ಇಂಟರ್‌ನ್ಯಾಷನಲ್" ಅನ್ನುವ ಪದಕ್ಕೂ ಮರುಳಾಗಬೇಡಿ. ಹಾಸನದ ಸುತ್ತಮುತ್ತಲೂ ಎಷ್ಟೋ ಶಾಲೆಗಳ ನಾಮಫಲಕದ ಮೇಲೆ ಆ ಪದ ಇದೆ. ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಹೆಸರು ಬಿಡಿ, ಒಳಗೆ ಯಾವ ಬೋರ್ಡು ಅಂತ ಕೇಳಿ. ಸಿಬಿಎಸ್‌ಇಯಾ, ಕೇಂಬ್ರಿಡ್ಜಾ, ಐಬಿಯಾ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, 1968ರಲ್ಲಿ ಜಿನೀವಾದಲ್ಲಿ ಶುರುವಾದದ್ದೇ ದೇಶ ದೇಶ ತಿರುಗುವ ಮನೆಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಾಲ್ಕು ವರ್ಷಕ್ಕೊಮ್ಮೆ ದೇಶ ಬದಲಿಸುವವರಿಗೆ ಅದು ವರ. ನಾಲ್ಕೈದು ವರ್ಷ ದುಡಿದು ಹಾಸನದಲ್ಲಿ ಮನೆ ಕಟ್ಟಿಸಿ ವಾಪಸ್ ಬರುವ ಯೋಚನೆ ಇರುವವರಿಗೆ ಸಿಬಿಎಸ್‌ಇ ಸಾಕು, ಅದೇ ಒಳ್ಳೆಯದು.

ಇಂಟರ್‌ವ್ಯೂ ಬಗ್ಗೆ ಹೆದರಿಸಿದವರು ಯಾರೋ ಗೊತ್ತಿಲ್ಲ, ಆದರೆ ಅವರ ಮಾತು ಸುಳ್ಳು. ಇಂಗ್ಲಿಷ್, ಗಣಿತದಲ್ಲಿ ಒಂದು ಸಣ್ಣ ಬರವಣಿಗೆ ಪರೀಕ್ಷೆ ಇರುತ್ತದೆ, ಮಗು ಆ ಕ್ಲಾಸಿನ ಪಾಠ ಹಿಡಿಯುತ್ತದಾ ಅಂತ ನೋಡಲು. ಆಮೇಲೆ ಹತ್ತು ನಿಮಿಷ ಮಾತು. ಒಮ್ಮೆ ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಬಂದಿದ್ದಳು, 6ನೇ ಕ್ಲಾಸಿಗೆ. ನಮ್ಮ ಟೀಚರ್ ಹಾಬಿ ಏನು ಅಂತ ಕೇಳಿದರು, ಮಾತಿಲ್ಲ. ಫೇವರಿಟ್ ಪುಸ್ತಕ ಯಾವುದು, ಮಾತಿಲ್ಲ. ನಾನು ಪಕ್ಕದಲ್ಲಿದ್ದವನು, ನಿಮ್ಮ ತೋಟದಲ್ಲಿ ಮೆಣಸು ಹೇಗೆ ಕೊಯ್ತಾರೆ, ಮೇಡಂಗೆ ಹೇಳು ಅಂದೆ. ಅವಳು ಎದ್ದು ನಿಂತಳು. ಮರಕ್ಕೆ ಏಣಿ ಹೇಗೆ ಒರಗಿಸಬೇಕು, ಒಬ್ಬರು ಕೆಳಗೆ ಯಾಕೆ ಹಿಡಿದಿರಬೇಕು, ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯುವ ಹೊತ್ತು ಅಂತ, ತಪ್ಪು ತಪ್ಪು ಇಂಗ್ಲಿಷಿನಲ್ಲೇ, ಕೈಯಲ್ಲಿ ಏಣಿಯ ಎತ್ತರ ತೋರಿಸುತ್ತಾ ಐದು ನಿಮಿಷ ಹೇಳಿದಳು. ಟೀಚರ್ ಪೆನ್ನು ಕೆಳಗಿಟ್ಟು ಕೇಳಿದರು. ಸೀಟು ಆಯಿತು. ನಿಮ್ಮ ಮಗಳಿಗೆ ಸುಮ್ನೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಅವಳಿಗೆ ಗೊತ್ತಿರುವ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ವಿವರಿಸುವ ಅಭ್ಯಾಸ ಮಾಡಿಸಿ, ಅಷ್ಟು ಸಾಕು.

ಕಾಗದ ಪತ್ರಕ್ಕೆ ಬರೋಣ. ಸೀಟು ಇದ್ದೂ ಮಕ್ಕಳು ಮನೆಯಲ್ಲಿ ಕೂರುವುದು ಇದರಿಂದಲೇ.

ಹೆಸರು. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳುತ್ತೇವೆ. ಶಾಲೆಯಲ್ಲಿ ಎಚ್.ಆರ್. ಅಂತ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಜನನ ಪ್ರಮಾಣ ಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಈ ನಾಲ್ಕೂ ಒಂದೇ ಥರ ಕಾಣದಿದ್ದರೆ ವೀಸಾದಲ್ಲೂ ತಕರಾರು, ಶಾಲೆಯಲ್ಲೂ ತಕರಾರು. ಮೊದಲು ಜನನ ಪ್ರಮಾಣ ಪತ್ರ ಸರಿ ಮಾಡಿಸಿ, ಆಮೇಲೆ ಆಧಾರ್, ಆಮೇಲೆ ಶಾಲೆಯ ದಾಖಲೆ. ಮಗಳದ್ದಂತೂ ಎಸ್ಸೆಸ್ಸೆಲ್ಸಿ ನೋಂದಣಿಗೆ ಹೆಸರು ಕಳಿಸುವ ಮುಂಚೆಯೇ ಆಗಬೇಕು. ಆ ಅಂಕಪಟ್ಟಿಯೇ ಜೀವನಪೂರ್ತಿ ಅವಳ ಜನ್ಮ ದಿನಾಂಕಕ್ಕೆ ಆಧಾರ, ಅಚ್ಚಾದ ಮೇಲೆ ತಿದ್ದಿಸಲು ವರ್ಷ ಸವೆಯುತ್ತದೆ. ಪಾಸ್‌ಪೋರ್ಟ್ ಕೆಲಸ ಹಾಸನದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. 15 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅಷ್ಟೇ.

ಲಸಿಕೆ. ತಾಯಿ ಕಾರ್ಡ್ ಎಲ್ಲಿದೆ ಅಂತ ಇವತ್ತೇ ಹುಡುಕಿ. ಮಡಿಕೆ ಬಿದ್ದು, ಬೆವರಿಗೆ ಶಾಯಿ ಹರಡಿ, ನರ್ಸಮ್ಮ ಕನ್ನಡದಲ್ಲಿ ಬರೆದ ತಾರೀಖು ಅರ್ಧ ಅಳಿಸಿರುತ್ತದೆ. ಅದನ್ನು ಮಕ್ಕಳ ಡಾಕ್ಟರ ಹತ್ತಿರ ಒಯ್ದು, ಅವರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಲಸಿಕೆಯ ಹೆಸರು, ದಿನಾಂಕ ಬರೆಸಿ ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ಲಸಿಕೆಯಲ್ಲಿ ಕೊಡುವುದು ಎಂಆರ್, ಅದರಲ್ಲಿ ದಡಾರ, ರುಬೆಲ್ಲಾ ಇದೆ, ಮಂಗನಬಾವು ಇಲ್ಲ. ಹೊರದೇಶದ ಶಾಲೆಯವರು ಮೂರೂ ಸೇರಿದ ಎಂಎಂಆರ್ ಕೇಳುವುದುಂಟು. ನಿಮ್ಮ ಮಗಳಿಗೆ 2017ರ ಫೆಬ್ರವರಿ ಅಭಿಯಾನದಲ್ಲಿ ಎಂಆರ್ ಹಾಕಿರಬಹುದು, ಆಗ ಕರ್ನಾಟಕದ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆಲ್ಲ ಹಾಕಿದರು, ಆದರೆ ಆ ಚೀಟಿ ಎಷ್ಟು ಮನೆಯಲ್ಲಿ ಉಳಿದಿದೆ? ಡಾಕ್ಟರನ್ನೇ ಕೇಳಿ, ಇನ್ನೊಂದು ಡೋಸ್ ಬೇಕಾದರೆ ಇಲ್ಲೇ ಹಾಕಿಸಿಕೊಂಡು ಹೋಗಿ.

ಟಿಸಿ. 2ನೇ ಕ್ಲಾಸಿನಿಂದ ಮೇಲಕ್ಕೆ ದುಬೈ ಶಾಲೆಗೆ ಟಿಸಿ ಬೇಕೇ ಬೇಕು, ಅದೂ ದೃಢೀಕರಿಸಿದ್ದು. ಬಿಇಒ ಮೇಲುಸಹಿ, ರಾಜ್ಯದ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇ ರಾಯಭಾರ ಕಚೇರಿಯ ಮುದ್ರೆ. ಅಪೋಸ್ಟಿಲ್ (ಕೆಲವು ದೇಶಗಳು ಒಪ್ಪುವ, ವಿದೇಶಾಂಗ ಸಚಿವಾಲಯದ ದೃಢೀಕರಣ ಮುದ್ರೆ) ಒಂದೇ ಇದ್ದರೆ ಅಲ್ಲಿ ಸಾಲದು. ವಿದೇಶಾಂಗ ಸಚಿವಾಲಯದ ಹಂತ ಅವರು ನೇಮಿಸಿದ ಏಜೆನ್ಸಿಗಳ ಮೂಲಕವೇ ಆಗಬೇಕು, ಆ ಖರ್ಚು ನ್ಯಾಯವಾದದ್ದು, ಅದನ್ನು ಸೀಟಿನ ಏಜೆಂಟ್ ಜೊತೆ ಬೆರೆಸಬೇಡಿ. ವಾರಗಟ್ಟಲೆ ಹಿಡಿಯುತ್ತದೆ ಅನ್ನುವುದು ನಿಜ. ಹಾಗಂತ ಈಗಲೇ ಟಿಸಿ ತೆಗೆದರೆ ಇಲ್ಲಿಯ ಸೀಟು ಅವತ್ತೇ ಹೋಯಿತು. ವೀಸಾ ಎರಡು ತಿಂಗಳು ತಡವಾದರೆ ಮಗು ಮನೆಯಲ್ಲಿ. ಶಾಲೆಯ ಲಿಖಿತ ಒಪ್ಪಿಗೆ ಕೈಗೆ ಬಂದು, ಫ್ಯಾಮಿಲಿ ವೀಸಾ ಅರ್ಜಿ ಮುಂದೆ ಹೋದ ಮೇಲೆ ಟಿಸಿ. ಅಲ್ಲಿಗೆ ಹೋಗಿ ಸೇರಿದ ಮೇಲೆ ಕೆಲವು ವಾರ ಗಡುವು ಕೊಡುತ್ತಾರಾ ಅಂತಲೂ ಶಾಲೆಯನ್ನು ಕೇಳಿ, ಎಷ್ಟೋ ಶಾಲೆಗಳು ಕೊಡುತ್ತವೆ.

ಫ್ಯಾಮಿಲಿ ವೀಸಾಕ್ಕೆ ಯಜಮಾನರ ಸಂಬಳ ತಿಂಗಳಿಗೆ 4,000 ದಿರ್ಹಂ, ಇಲ್ಲವೇ 3,000 ಮತ್ತು ಮನೆ, ಇಷ್ಟಿದ್ದರೆ ಸಾಕು ಅಂತ ನಿಯಮ. ಆದರೆ ಅಷ್ಟರಲ್ಲಿ ಇಬ್ಬರು ಮಕ್ಕಳ ಶಾಲೆ, ಬಾಡಿಗೆ ನಡೆಯುವುದಿಲ್ಲ. ಅದಕ್ಕೇ ಆಫರ್ ಲೆಟರ್ ಸರಿಯಾಗಿ ಓದಬೇಕು.

ಸಹಿ ಹಾಕಿಲ್ಲ ಅಂದಿರಿ, ಒಳ್ಳೆಯದಾಯಿತು. "ಕಂಪನಿಯವರು ಮಕ್ಕಳ ಓದು ನೋಡಿಕೊಳ್ತಾರೆ" ಅಂತ ಬಾಯಿಮಾತಿಗೆ ಹೇಳಿದ್ದರೆ ಅದನ್ನು ಲೆಕ್ಕಕ್ಕೆ ಇಡಬೇಡಿ. ಶಿಕ್ಷಣ ಭತ್ಯೆ ಅಂತ ಇದೆಯಾ, ಒಬ್ಬ ಮಗುವಿಗೋ ಇಬ್ಬರಿಗೋ, ವರ್ಷಕ್ಕೆ ಎಷ್ಟು ಮಿತಿ, ಬಸ್ಸಿನ ದುಡ್ಡು ಸೇರಿದೆಯಾ, ಶಾಲೆಗೆ ನೇರ ಕಟ್ಟುತ್ತಾರೋ ಅಥವಾ ನಾವು ಕಟ್ಟಿ ರಸೀದಿ ಕೊಟ್ಟ ಮೇಲೆ ಕೊಡುತ್ತಾರೋ, ಪ್ರೊಬೇಷನ್ ಮುಗಿಯುವ ಮುಂಚೆಯೂ ಸಿಗುತ್ತದಾ. ನಿಮ್ಮ ಮನೆಯ ಮಟ್ಟಿಗೆ ಇನ್ನೊಂದು ಸಾಲು ಮುಖ್ಯ. ಮಕ್ಕಳು ಒಂದೂವರೆ ವರ್ಷ ತಡವಾಗಿ ಬರುತ್ತಾರೆ, ಆಗಲೂ ಭತ್ಯೆ ಮತ್ತು ಟಿಕೆಟ್ ಉಳಿಯುತ್ತದೆ ಅಂತ ಬರೆಸಿಕೊಳ್ಳಬೇಕು. ಕೆಲವು ಕಂಪನಿಗಳಲ್ಲಿ ಮೊದಲ ವರ್ಷ ಬಳಸದಿದ್ದರೆ ಹೋಯಿತು ಅಂತ ಇರುತ್ತದೆ. ಸಹಿ ಆಗುವ ಮುಂಚೆ ಎಚ್‌ಆರ್‌ನವರಿಗೆ ಒಂದು ಇಮೇಲ್ ಹಾಕಿ ಕೇಳುವುದು ಬಹಳ ಸುಲಭ. ಸಹಿ ಆದ ಮೇಲೆ ಅದೇ ಪ್ರಶ್ನೆಗೆ ಉತ್ತರ ಬರುವುದೇ ಇಲ್ಲ.

ಭತ್ಯೆಯ ಪುಟವನ್ನು ಮಾತ್ರ ಫೋಟೋ ತೆಗೆದು, ಹೆಸರು, ಸಂಬಳ ಮುಚ್ಚಿ ನನಗೆ ಕಳಿಸಿದರೆ ಓದಿ ಹೇಳುತ್ತೇನೆ. ಜೊತೆಗೆ ಮಗಳ ಹುಟ್ಟಿದ ತಿಂಗಳು, ವರ್ಷ ಬರೆಯಿರಿ. ಮತ್ತೆ 9ಕ್ಕೆ ಕೂರಿಸುವ ದಾರಿಯೇ ನಿಮ್ಮದಾದರೆ ವಯಸ್ಸು ಹೊಂದುತ್ತದಾ ಅಂತ ನೋಡಲು ಅದು ಬೇಕು.